ಎಡಗೈ ಹೆಬ್ಬೆರಳು

ಅಕ್ಟೋಬರ್ 29, ಬುಧವಾರ

ಮೂರು ಗಂಟೆ ಹತ್ತು ನಿಮಿಷ. ಠಣ್ ಎಂದು ಏನೋ ನೆಲಕ್ಕೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗು ಬಿತ್ತು ಎಂದೇ ಅಂದುಕೊಂಡೆ. ಮಗು ಬಿದ್ದರೆ ಠಣ್ ಎನ್ನುವುದಿಲ್ಲ ಎಂಬ ಬುದ್ಧಿ ಆಮೇಲೆ ಬಂತು. 

ಮಗು ತೊಡೆಯ ಮೇಲೇ ಇದ್ದಳು. ಬಿದ್ದದ್ದು ಒಳಲೆ. ಹೊಟ್ಟೆನೋವಿನ ಔಷಧಿ ಕುಡಿಸುತ್ತಾ ಕುಳಿತಲ್ಲೇ ತೂಕಡಿಸಿದ್ದೆ. ಎಡಗೈ ನೋಯುತ್ತದೆಂದು ಪುಟ್ಟಿಯ ತಲೆಯನ್ನು ಬಲತೋಳಿಗೆ ಕೊಟ್ಟು ಒಳಲೆಯನ್ನು ಎಡಗೈಯಲ್ಲಿ ಹಿಡಿದಿದ್ದೆ. ಹೆಬ್ಬೆರಳು ತಾನಾಗಿಯೇ ಬಿಚ್ಚಿಕೊಂಡಿದೆ. ದಿನವೂ ಹಿಡಿಯುವ ಹಾಗೆ ಅವಳ ತಲೆ ಎಡಗೈಯಲ್ಲಿ ಇದ್ದಿದ್ದರೆ?

ಇನ್ನು ನಿದ್ದೆ ಬರುವುದಿಲ್ಲ. ಇವರು ಹರಿಹರದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾರೆ. ಅತ್ತೆ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಯಾರಿಗೂ ಹೇಳದ್ದನ್ನು ಇದರಲ್ಲಿ ಬರೆದರೆ ಎದೆ ಸ್ವಲ್ಪ ಹಗುರಾದೀತು.

ನವೆಂಬರ್ ಇಪ್ಪತ್ತೊಂದಕ್ಕೆ ನನ್ನ ವೀಣೆ ಪರೀಕ್ಷೆ. ಮದುವೆಗೆ ಮುಂಚೆ ಕಟ್ಟಬೇಕಿದ್ದದ್ದು. ಮದುವೆ ಬಂತು, ಆಮೇಲೆ ಬಸಿರು ಬಂತು. ಈ ಸಲ ಬಿಟ್ಟರೆ ಇನ್ನು ಇಲ್ಲ ಎಂದು ನನಗೆ ಗೊತ್ತು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ದಸರೆಯಿಂದ ನೋವು ಇದೆ. ಸಣ್ಣ ನೋವು. ಪರೀಕ್ಷೆ ಮುಗಿದ ಮೇಲೆ ನೋಡಿಕೊಂಡರಾಯಿತು.

ಅಕ್ಟೋಬರ್ 31, ಶುಕ್ರವಾರ

ನೋವು ಮುಚ್ಚಿಡಲಾಗಲಿಲ್ಲ. ಬೆಳಿಗ್ಗೆ ದ್ಯಾಮವ್ವ ನನಗೆ ಎಣ್ಣೆ ಹಚ್ಚುವಾಗ ಮಣಿಕಟ್ಟು ಮುಟ್ಟಿದ ಕೂಡಲೇ ಕೂಗಿಬಿಟ್ಟೆ. ಮಗುವಿಗೂ ನನಗೂ ಎಣ್ಣೆ ಹಚ್ಚಿ ನೀರು ಎರೆಯಲು ಹೆರಿಗೆಯಾದಾಗಿನಿಂದ ಬರುತ್ತಿರುವ ಹೆಂಗಸು ಅವಳು. ನಾಲ್ಕು ತಿಂಗಳಾಯಿತು ಸಾಕು ಎಂದರೂ ಅತ್ತೆ ಬಿಡಿಸಿಲ್ಲ.

"ಶಕುಂತಲಮ್ಮಾರೇ, ಇಲ್ಲಿ ಬರ್ರಿ. ಈ ಯವ್ವಂಗೆ ವಾಯು ಹಿಡದೈತೆ ನೋಡ್ರಿ."

ಅತ್ತೆ ಸೌಟು ಹಿಡಿದೇ ಬಂದರು. "ನಾ ಬಡಕಂಡೆ, ಫ್ಯಾನ್ ಹಾಕ್ಕೋಬ್ಯಾಡ, ಕಿವಿ ಕಟ್ಟಿಕೋ ಅಂತ. ಕಾಲೇಜು ಕಲ್ತೋರು ಕೇಳ್ತಾರಾ? ಅಥವಾ ಆ ವೀಣೆ ಬಾರಿಸಿ ಬಾರಿಸಿ ಬಂತೋ?"

"ಇಲ್ಲ ಅತ್ತೆ, ವಾಯುನೇ" ಎಂದೆ, ಬಹಳ ಬೇಗ.

ಹಾಗೆ ಹೇಳದಿದ್ದರೆ ವೀಣೆ ಇವತ್ತೇ ಅಟ್ಟ ಸೇರುತ್ತಿತ್ತು. ಅತ್ತೆ ಕೆಟ್ಟವರಲ್ಲ. ಅವ್ವ ಇಲ್ಲದ ನನಗೆ ಬಾಣಂತನ ಮಾಡಿದವರು ಅವರೇ. ನನ್ನ ಒಳ್ಳೆಯದಕ್ಕೆಂದೇ ಅಟ್ಟಕ್ಕೆ ಹಾಕುತ್ತಿದ್ದರು.

ದ್ಯಾಮವ್ವ ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಟ್ಟು, ಹೆಬ್ಬೆರಳು ಹಿಡಿದು ಜಗ್ಗಿದಳು. ಲಟಕ್ ಎಂದಿತು. ಕಣ್ಣಲ್ಲಿ ನೀರು ಬಂತು. "ಹೊಂಟ್ತು ನೋಡ್ರಿ ವಾಯು!" ಎಂದು ನಕ್ಕಳು. "ವಾಯು ಬಿಡಿಸಿದ್ಕೆ ಕಾಫಿ ಡಬಲ್ ಕೊಡ್ಬೇಕು ಮತ್ತೆ."

ಇನ್ನು ದಿನವೂ ಜಗ್ಗುತ್ತಾಳಂತೆ.

ನವೆಂಬರ್ 3, ಸೋಮವಾರ

ಹರಿಹರಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಮಗು ಎಡತೋಳಿನ ಮೇಲೆ, ಬ್ಯಾಗು ಬಲಗೈಯಲ್ಲಿ. ಶುರುವಿನಿಂದ ಕಡೆಯವರೆಗೆ ನಿಂತೇ ಹೋಗಬೇಕಾಯಿತು. ಕೂತಿದ್ದ ಕಾಲೇಜು ಹುಡುಗರಲ್ಲಿ ಒಬ್ಬರೂ ಏಳಲಿಲ್ಲ. ಪ್ರತಿ ಬ್ರೇಕಿಗೂ ಅವಳು ಜಾರುತ್ತಾಳೆ ಎಂದು ಸೀಟಿನ ಬೆನ್ನಿಗೆ ಒರಗಿ ಅವಳನ್ನು ಒತ್ತಿಕೊಳ್ಳುತ್ತಿದ್ದೆ.

ಮೀನಾಕ್ಷಿ ಟೀಚರ್ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಹನ್ನೊಂದನೇ ವಯಸ್ಸಿನಿಂದ ಅವರ ಹತ್ತಿರ ಕಲಿಯುತ್ತಿದ್ದೇನೆ. ಮಗುವನ್ನು ಅವರ ಚಾಪೆಯ ಮೇಲೆ ಮಲಗಿಸಿ ತೋಡಿ ರಾಗದ ವರ್ಣ ನುಡಿಸತೊಡಗಿದೆ. ತೋಡಿಯಲ್ಲಿ ತಂತಿಯನ್ನು ವೀಣೆಯ ಮೆಟ್ಟಿಲಿನ ಮೇಲೆ ಎಳೆದು ಎಳೆದು ಸ್ವರ ಅಲುಗಿಸಬೇಕು. ಒಂದೊಂದು ಎಳೆತಕ್ಕೂ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಸಿ ತಂತಿ ಹಾಯಿಸಿದ ಹಾಗಾಗುತ್ತಿತ್ತು. ಎರಡು ಕಡೆ ಆ ಅಲುಗಿಸುವ ಗಮಕ ಮೊಟಕು ಮಾಡಿದೆ.

ಅವರ ಕಿವಿಗೆ ಗೊತ್ತಾಗದೆ ಇರುತ್ತದೆಯೇ? "ಗಾಂಧಾರ ಎಲ್ಲಿ ಹೋಯ್ತಮ್ಮ? ಮಗು ಜೊತೆ ಅದನ್ನೂ ಮಲಗಿಸಿದ್ಯಾ?"

"ಕೈ ಸ್ವಲ್ಪ ನೋವು ಟೀಚರ್."

"ವೀಣೆಯಿಂದಾನಾ?"

"ಅಲ್ಲ, ಮಗು ಎತ್ತಿ ಎತ್ತಿ."

"ಹಾಗಾದ್ರೆ ಎತ್ತೋಕೆ ಅತ್ತೆ ಇದಾರಲ್ಲ, ಅವರ ಕೈಗೆ ಕೊಡು. ವೀಣೆ ನುಡಿಸೋಕೆ ನಿಮ್ಮತ್ತೆ ಬರಲ್ಲ. ಇನ್ನು ಹದಿನೆಂಟು ದಿನ, ದಿನಾ ಮೂರು ಗಂಟೆ. ನಮ್ಮ ಕಾಲದಲ್ಲಿ ಬೆರಳು ಸೀಳಿ ರಕ್ತ ಬಂದ್ರೂ ಗುರುಗಳು ನಿಲ್ಲಿಸು ಅಂತಿರಲಿಲ್ಲ."

ಮನೆಯಲ್ಲಿ ವೀಣೆಯಿಂದಲ್ಲ ಎಂದೆ. ಇಲ್ಲಿಯೂ ವೀಣೆಯಿಂದಲ್ಲ ಎಂದೆ. ಎರಡೂ ಪೂರ್ತಿ ಸುಳ್ಳಲ್ಲ.

ನವೆಂಬರ್ 5, ಬುಧವಾರ

ಅವಳು ಮಲಗಿದಾಗ ಮಾತ್ರ ನನ್ನ ಹೊತ್ತು. ಯಾವಾಗ ಏಳುತ್ತಾಳೋ ಎಂಬ ಭಯಕ್ಕೆ ಮಧ್ಯೆ ಒಂದು ಸಲವೂ ಕೈ ಕೆಳಗಿಡುವುದಿಲ್ಲ. ಕುಳಿತ ಕೂಡಲೇ ವೇಗದ್ದನ್ನೇ ಹಿಡಿಯುತ್ತೇನೆ, ನಿಧಾನದ್ದಕ್ಕೆ ಪುರಸೊತ್ತಿಲ್ಲ. ಇವತ್ತು ಒಂದೇ ಸಲಕ್ಕೆ ಒಂದೂಮುಕ್ಕಾಲು ಗಂಟೆ. ಮಣಿಕಟ್ಟಿಗೆ ಇವರ ಹಳೇ ಕರ್ಚೀಫು ಬಿಗಿದು ಕಟ್ಟಿಕೊಂಡಿದ್ದೆ. ಬಿಚ್ಚಿದಾಗ ಬೆರಳುಗಳು ಜುಮುಗುಟ್ಟಿದವು.

ತೋಡಿ ಚೆನ್ನಾಗಿ ಬಂತು.

ನವೆಂಬರ್ 8, ಶನಿವಾರ

ಮಗುವಿನ ತೂಕ ನೋಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಕೆ.ಬಿ. ಬಡಾವಣೆಗೆ ಹೋದೆ. ನುಜತ್ ಅಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿದ್ದಾಳೆ. ಪಿಯುಸಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಹೋಗಬಾರದಿತ್ತು ಎಂದು ಈಗ ಅನ್ನಿಸುತ್ತಿದೆ. ಹೋಗುವ ತನಕ ಅದು ಸಣ್ಣ ನೋವಾಗಿತ್ತು.

"ಅರೆ ಸುನೀತಾ! ಮಗು ತೋರ್ಸಾಕೆ ಈಗ ನೆನಪಾಯ್ತಾ? ಕೊಡಿಲ್ಲಿ ನನ್ ಸೊಸೀನ." ಮಗುವನ್ನು ಎತ್ತಿಕೊಡುವಾಗ ನನ್ನ ಮುಖ ನೋಡಿದಳು. ಮಗುವನ್ನು ತನ್ನ ಸಹಾಯಕಿಯ ಕೈಗೆ ಕೊಟ್ಟು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಮಾಡು. ಈಗ ಮುಷ್ಟೀನ ಕಿರುಬೆರಳ ಕಡೆ ಬಗ್ಸು."

ಬಗ್ಗಿಸಿದೆ. ಕಣ್ಣು ಕತ್ತಲಿಟ್ಟಿತು.

"ಎಷ್ಟು ದಿನದಿಂದ?"

"ವಾಯು ಅಂತೆ."

"ವಾಯುನೂ ಇಲ್ಲ, ವರುಣನೂ ಇಲ್ಲ. ಲಂಗಕ್ಕೆ ಲಾಡಿ ಏರಿಸ್ತೀವಲ್ಲ, ಬಟ್ಟೆ ಒಳಗೆ ಮುದ್ದೆಯಾದ್ರೆ ಲಾಡಿ ಸಿಕ್ಕಾಕ್ಕಂತೈತಲ್ಲ? ಹಂಗೆ. ಹೆಬ್ಬೆರಳು ಆಡಿಸೋ ಹುರಿ ಇಲ್ಲಿ ಒಂದು ಸಣ್ಣ ಕೊಳವೆಯೊಳಗೆ ಹೋಗ್ತಾವೆ. ಅದು ಊದಿಕೊಂಡೈತೆ. ಹೊಸ ತಾಯಂದ್ರಿಗೆ ಬರ್ತೈತೆ. ಸಂಗೀತದೋರಿಗೂ ಬರ್ತೈತೆ. ನೀನು ಎರಡೂ ಆಗಿ ಕುಂತಿದೀಯ. ಮಗು ಎತ್ತೋದೂ ಅದೇ ಹುರಿ, ತಂತಿ ಎಳೆಯೋದೂ ಅದೇ ಹುರಿ. ಅದಕ್ಕೆ ಬಿಡುವು ಯಾವಾಗ?"

ದ್ಯಾಮವ್ವ ಬೆರಳು ಜಗ್ಗುವುದನ್ನು ಹೇಳಿದಾಗ ನುಜತ್ ಹಣೆ ಚಚ್ಚಿಕೊಂಡಳು. "ಊದಿರೋದನ್ನ ಜಗ್ಗೋದಾ? ಆಕೆಗೆ ನಿನ್ ಬೆನ್ನು ತಿಕ್ಕಾಕೆ ಹೇಳು, ಬೆರಳು ಮುಟ್ಬ್ಯಾಡ ಅನ್ನು. ದಿನಾ ಎಷ್ಟು ಹೊತ್ತು ನುಡಿಸ್ತಿ?"

"ಅರ್ಧ ಗಂಟೆ."

"ಅಷ್ಟೇನಾ?"

"ಅಷ್ಟೇ."

"ಅದನ್ನೂ ನಿಲ್ಸು. ಮೂರು ವಾರ ವೀಣೆ ಮುಟ್ಟಂಗಿಲ್ಲ. ಆಮೇಲೆ ಶುರು ಮಾಡಿದ್ರೂ ಮೊದ್ಲು ಬೆರಳು ಸುಮ್ಮನೆ ಆಡಿಸ್ಬೇಕು, ನಿಧಾನದ್ದು ನುಡಿಸ್ಬೇಕು, ಇಪ್ಪತ್ತು ನಿಮಿಷಕ್ಕೊಂದು ಸಲ ಕೈ ಕೆಳಗಿಡ್ಬೇಕು. ಕ್ರಿಕೆಟ್ ಆಡೋ ಹುಡುಗರು ಮೈ ಬಿಸಿ ಮಾಡ್ಕಂಡೇ ಓಡೋದು. ನೀವು ಸಂಗೀತದೋರು ನೆಟ್ಟಗೆ ಹೋಗಿ ಕುಂತು ಎಳಿತೀರಿ. ನೋವು ಬಂದ್ರೆ ನಿಲ್ಸು ಅಂತ ಅರ್ಥ ಕಣೆ, ಇನ್ನೂ ಜೋರಾಗಿ ಅಂತ ಅಲ್ಲ."

ಪರೀಕ್ಷೆಯ ವಿಷಯ ನಾನು ಹೇಳಲಿಲ್ಲ.

ಮಗುವನ್ನು ಎತ್ತುವುದನ್ನೂ ತೋರಿಸಿದಳು. ಕಂಕುಳಿಗೆ ಹೆಬ್ಬೆರಳು ಚಾಚಿ ಎತ್ತಬಾರದು. ಅಂಗೈ ಮೇಲೆ ಮಾಡಿ, ಮುಂಗೈಯನ್ನು ಮಗುವಿನ ಅಡಿಗೆ ತೂರಿಸಿ, ಎದೆಗೆ ಒತ್ತಿಕೊಂಡು ಏಳಬೇಕು. ನೆಲಕ್ಕೆ ಬಿದ್ದ ಹಸಿ ಸೀರೆ ಬಾಚಿಕೊಳ್ಳುವ ಹಾಗೆ. ಕಪ್ಪನೆಯ ಒಂದು ಪಟ್ಟಿ ಕೊಟ್ಟಳು, ಹೆಬ್ಬೆರಳು ಅಲುಗದ ಹಾಗೆ ಒಳಗೆ ತಗಡು ಇದೆ. ರಾತ್ರಿ ಹಗಲು ಹಾಕಿಕೋ ಎಂದಳು.

"ಕೇಳದಿದ್ರೆ?"

"ಕೇಳದಿದ್ರೆ ತಿಂಗಳುಗಟ್ಟಲೆ. ಆಪರೇಷನ್ ಅಂದ್ರೂ ಅನ್ಬೋದು."

ಪಟ್ಟಿ ಬ್ಯಾಗಿನ ತಳದಲ್ಲಿದೆ. ಮನೆಯಲ್ಲಿ ಹಾಕಿಕೊಂಡರೆ ಎಲ್ಲರೂ ಕೇಳುತ್ತಾರೆ.

ನವೆಂಬರ್ 11, ಮಂಗಳವಾರ

ದಿನಕ್ಕೆ ನಾಲ್ಕಾರು ಸಲ ಮುಷ್ಟಿ ಮಡಚಿ ಬಗ್ಗಿಸಿ ನೋಡಿಕೊಳ್ಳುತ್ತೇನೆ, ಕಡಿಮೆಯಾಯಿತೇ ಎಂದು. ಆಗಿಲ್ಲ. ದ್ಯಾಮವ್ವನಿಗೆ ಜಗ್ಗಬೇಡ ಎಂದು ಹೇಳಲಾಗಲಿಲ್ಲ. ಯಾರು ಹೇಳಿದರು ಎಂದು ಅತ್ತೆ ಕೇಳುತ್ತಾರೆ.

ಎರಡು ಗಂಟೆ ನುಡಿಸಿದೆ.

ನವೆಂಬರ್ 14, ಶುಕ್ರವಾರ

ಬರೆಯಲೋ ಬೇಡವೋ ಗೊತ್ತಾಗುತ್ತಿಲ್ಲ. ಬರೆಯದಿದ್ದರೆ ತಲೆಯಲ್ಲೇ ತಿರುಗುತ್ತದೆ.

ದ್ಯಾಮವ್ವ ಮೊಮ್ಮಗಳ ಮನೆಗೆ ಹೋಗಿದ್ದಳು. ಅತ್ತೆ ರೇಷನ್ ಅಂಗಡಿಯ ಸಾಲಿನಲ್ಲಿದ್ದರು. ಇವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ನಾನೇ ಎರೆಯುತ್ತೇನೆ ಎಂದು ಬಚ್ಚಲಿನ ಮಣೆಯ ಮೇಲೆ ಕುಳಿತು ಕಾಲು ಚಾಚಿ ಪುಟ್ಟಿಯನ್ನು ಮಲಗಿಸಿಕೊಂಡೆ. ಎಣ್ಣೆ ಹಚ್ಚಿದ ಮೈ, ಮೀನಿನ ಹಾಗೆ. ಬೆನ್ನಿಗೆ ನೀರು ಹಾಕಲು ಬೋರಲು ಮಾಡಬೇಕು. ಎಡಗೈಯಲ್ಲಿ ಎದೆ ಹಿಡಿದು ಮಗುಚಿದೆ. ಹೆಬ್ಬೆರಳಿನಿಂದ ಮೊಣಕೈಗೆ ಚುಳ್ ಎಂದಿತು, ಕೈ ಬಿಟ್ಟಿತು. ಬಿಟ್ಟದ್ದು ನಾನಲ್ಲ. ಕೈ ಬಿಟ್ಟಿತು.

ಅವಳು ಕಾಲುಗಳ ಸಂದಿಗೆ ಜಾರಿದಳು. ಮಂಡಿ ಎರಡನ್ನೂ ಒತ್ತಿ ಹಿಡಿದೆ. ತಲೆ ಕಲ್ಲಿಗೆ ತಾಗಲು ನಾಲ್ಕು ಬೆರಳಷ್ಟು ಉಳಿದಿತ್ತು. ಅವಳು ಅಳಲಿಲ್ಲ, ಆಟವೆಂದುಕೊಂಡು ನಕ್ಕಳು. ಆ ನಗು ಕಿವಿಯಿಂದ ಹೋಗುತ್ತಿಲ್ಲ.

ಮಂಡಿಗಳ ನಡುವೆ ಅವಳನ್ನು ಹಾಗೆಯೇ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಹಂಡೆಯ ನೀರು ಆರಿಹೋಗಿತ್ತು. ಇವರನ್ನು ಕೂಗಲು ಬಾಯಿ ತೆರೆದೆ, ಕೂಗಲಿಲ್ಲ. ಕೂಗಿದರೆ ಏನಾಯಿತೆಂದು ಹೇಳಬೇಕಾಗುತ್ತಿತ್ತು. ಬಲಗೈಯೊಂದರಲ್ಲೇ ಟವೆಲ್ ಸುತ್ತಿ ಎಳೆದುಕೊಂಡೆ. ಅತ್ತೆ ಬಂದು, "ಸಾಂಬ್ರಾಣಿ ಹೊಗೆ ಹಾಕಲಿಲ್ಲೇನವ್ವಾ, ನೆತ್ತಿ ಹಸಿ ಐತೆ" ಎಂದರು. ಮರೆತೆ ಎಂದೆ.

ಯಾರೂ ನೋಡಲಿಲ್ಲ.

ನವೆಂಬರ್ 15, ಶನಿವಾರ

ನಿರ್ಧಾರ ಮಾಡಿದ್ದೇನೆ. ಪರೀಕ್ಷೆ ಮುಗಿಯುವ ತನಕ ಅವಳನ್ನು ಎತ್ತುವುದಿಲ್ಲ. ಎತ್ತದಿದ್ದರೆ ಬೀಳಿಸುವ ಪ್ರಶ್ನೆಯೇ ಇಲ್ಲ. ಮಂಚ ಬಿಟ್ಟು ಹಾಸಿಗೆಯನ್ನು ನೆಲಕ್ಕೆ ಹಾಕಿದೆ. ಹಾಲು ಮಲಗಿಕೊಂಡೇ ಕುಡಿಸುತ್ತೇನೆ. ಉಳಿದದ್ದಕ್ಕೆ ಅತ್ತೆ ಇದ್ದಾರೆ. ಮೀನಾಕ್ಷಿ ಟೀಚರ್ ಹೇಳಿದ್ದೂ ಅದನ್ನೇ ಅಲ್ಲವೇ?

ಸಂಜೆ ಅವಳು ಅಳುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತು ಗಿಲಕಿ ಆಡಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಹೆತ್ತ ಮಗೂನ ಎತ್ಕಳ್ಳಾಕೆ ಬ್ಯಾಸರಾನಾ ತಾಯಿ? ಅದೇನು ನೆಂಟರ ಮಗೂನಾ?"

ನಾನು ಗಿಲಕಿ ಆಡಿಸುತ್ತಲೇ ಇದ್ದೆ. ಅವರೇ ಎತ್ತಿಕೊಂಡು ಹೋದರು. ಬಾಗಿಲು ಹಾಕಿಕೊಂಡು ಎರಡು ಗಂಟೆ ನುಡಿಸಿದೆ. ಎತ್ತದೆ ಇದ್ದದ್ದಕ್ಕೆ ಕೈ ಹಗುರವಾಗಿತ್ತು.

ನವೆಂಬರ್ 17, ಸೋಮವಾರ

ಪುಟ್ಟಿ ಹೊಸದೊಂದು ಕಲಿತಿದ್ದಾಳೆ. ಎತ್ತಿಕೋ ಎಂದು ಎರಡೂ ಕೈ ಚಾಚುತ್ತಾಳೆ. ಬೆಳಿಗ್ಗೆ ಅತ್ತೆ ಒಳಗೆ ಬಂದ ಕೂಡಲೇ ನನ್ನ ಪಕ್ಕದಲ್ಲಿ ಮಲಗಿದ್ದವಳು ಅವರ ಕಡೆ ಕೈ ಚಾಚಿದಳು. ಅತ್ತೆಗೆ ಹಿಗ್ಗೋ ಹಿಗ್ಗು. "ನೋಡ್ರೇ, ನನ್ ಬಂಗಾರ ಅಜ್ಜಿ ಬೇಕು ಅಂತೈತೆ!" ಎಂದು ನಮ್ಮ ಇಡೀ ಸರಸ್ವತಿ ನಗರ ಬಡಾವಣೆಗೆ ಕೇಳುವ ಹಾಗೆ ಕೂಗಿದರು.

ನನಗೂ ಸಂತೋಷವಾಯಿತು. ಐದು ತಿಂಗಳು ತುಂಬುವ ಮೊದಲೇ ಕಲಿತಳಲ್ಲ.

ಎರಡೂವರೆ ಗಂಟೆ ನುಡಿಸಿದೆ. ಮಧ್ಯೆ ಒಂದು ಸಲ ತಂತಿಯ ಮೇಲೆ ಬೆರಳು ನಿಲ್ಲಲಿಲ್ಲ.

ನವೆಂಬರ್ 18, ಮಂಗಳವಾರ

ಇವರು ಡ್ಯೂಟಿಗೆ ಹೊರಡುವ ಮುಂಚೆ ನನ್ನ ಹತ್ತಿರ ಬಂದು ಕುಳಿತರು.

"ಅವ್ವ ಏನೋ ಹೇಳ್ತಿದ್ಲು. ಕೈ ಇನ್ನೂ ನೋವೈತಂತೆ. ಎಲ್ಲಿ ತೋರ್ಸು."

ಕರೆಂಟು ಹೋಗಿತ್ತು. ನಾನು ಬಲಗೈ ಕೊಟ್ಟೆ. ಅವರು ಹೆಬ್ಬೆರಳು ಒತ್ತಿ ನೋಡಿದರು, ಮಣಿಕಟ್ಟು ತಿರುಗಿಸಿದರು. "ಇಲ್ಲಿ ನೋವಾ? ಇಲ್ಲಿ?"

"ಇಲ್ಲ, ಈಗ ಕಡಿಮೆಯಾಗೈತೆ."

"ಮತ್ತೆ ಅವ್ವ ಸುಮ್ನೆ ಹೆದರಿಸ್ತಾಳೆ. ಪರೀಕ್ಷೆ ಮುಗೀಲಿ, ಬೆಣ್ಣೆ ದೋಸೆ ತಿನ್ನಾಕೆ ಹೋಗಣ. ಕೈಯಿಂದ ತಿನ್ನಾಕಾದ್ರೂ ಬರ್ತೈತಲ್ಲ?" ನಕ್ಕು ಹೋದರು. ಯಾವ ಕೈ ಎಂದು ನೋಡಲಿಲ್ಲ. ನೋಡಿದ್ದರೆ ಎಂದು ಆಮೇಲೆ ಬಹಳ ಹೊತ್ತು ಅನ್ನಿಸುತ್ತಿತ್ತು.

ಮೂಲೆಯ ಮೆಡಿಕಲ್ ಸ್ಟೋರಿನ ಎರ್ರಿಸ್ವಾಮಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಯಾರಿಗೂ ಹೇಳುವುದಿಲ್ಲ, ಏನನ್ನೂ ಕೇಳುವುದಿಲ್ಲ. "ಒಂದು ಇಂಜೆಕ್ಷನ್ ಐತೆ ಅಕ್ಕಾರೆ. ನಮ್ ಹಮಾಲರು ಹಾಕಿಸ್ಕಂಡು ಮೂಟೆ ಹೊರ್ತಾರೆ. ಸಂಜೆ ತನಕ ಕೈ ನಿಮ್ದು ಅಂತ್ಲೇ ಗೊತ್ತಾಗಂಗಿಲ್ಲ."

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನನಗಾಗಿ ಬೇಗ ಬಾಗಿಲು ತೆಗೆಯುತ್ತಾನಂತೆ. ಎಂಟಕ್ಕೆ ಆಟೋ ಹೇಳಿದ್ದೇನೆ. ಹತ್ತಕ್ಕೆ ಹರಿಹರದಲ್ಲಿ ಪರೀಕ್ಷೆ. ಎಲ್ಲ ಸರಿಹೋಯಿತು.

ಸರಿಹೋಯಿತು ಎಂದು ಬರೆದ ಮೇಲೂ ಮುಷ್ಟಿ ಮಡಚಿ ಬಗ್ಗಿಸಿ ನೋಡಿಕೊಂಡೆ.

ನವೆಂಬರ್ 20, ಗುರುವಾರ

ಅಮಾವಾಸ್ಯೆ. ಅತ್ತೆ ಮಧ್ಯಾಹ್ನವೇ ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಹೊರಟರು. "ನಿನ್ ಕೈಗೇ ಬೇಡ್ಕಂಡಿದೀನಿ. ಕರಿಬಸಜ್ಜಯ್ಯ ನಡೆಸ್ತಾನೆ. ರಾತ್ರಿ ಗುಡಿಯಾಗೆ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ. ಒಂದು ರಾತ್ರಿ ಮಗೂನ ಎತ್ಕಳ್ಳಾಕೆ ಆಗ್ತೈತಲ್ಲ?"

ನನ್ನ ಕೈಗಾಗಿ ಹೋಗುವವರನ್ನು ನನ್ನ ಕೈ ಸರಿಯಿಲ್ಲ, ಹೋಗಬೇಡಿ ಎಂದು ತಡೆಯುವುದು ಹೇಗೆ? ಆಗ್ತೈತೆ ಎಂದೆ.

ಇವರು ರಾತ್ರಿ ಪಾಳಿ. ಫೋನು ಗೇಟಿನಲ್ಲಿ ಲಾಕರಿಗೆ ಹೋಗುತ್ತದೆ, ಬೆಳಿಗ್ಗೆ ಏಳಕ್ಕೇ ಸಿಗುವುದು.

ನಾನು, ಅವಳು, ವೀಣೆ. ಹಾಸಿಗೆಯ ಪಕ್ಕದಲ್ಲೇ ಚಾಪೆಯ ಮೇಲೆ ವೀಣೆ ಇಟ್ಟಿದ್ದೇನೆ. ನಸುಕಿನಲ್ಲಿ ಎದ್ದು ಒಂದು ಸಲ ತೋಡಿ ನೋಡಿಕೊಳ್ಳಬೇಕು.

ನವೆಂಬರ್ 21, ಶುಕ್ರವಾರ

ಎರಡೂಮುಕ್ಕಾಲು. ವೀಣೆಯ ಸದ್ದಿಗೆ ಎಚ್ಚರವಾಯಿತು.

ಕತ್ತಲಲ್ಲಿ ತಾಳದ ತಂತಿಗಳು ಒಟ್ಟಿಗೆ ಮಿಡಿದವು. ಕನಸಿನಲ್ಲಿ ನಾನೇ ನುಡಿಸುತ್ತಿದ್ದೇನೆ ಎಂದುಕೊಂಡೆ. ಮತ್ತೆ ಮಿಡಿದವು. ಆಮೇಲೆ ಉಸಿರು ಕಟ್ಟಿದಂಥ ಸಣ್ಣ ಸದ್ದು. ಪಕ್ಕ ತಡವಿದೆ. ಅವಳು ಇರಲಿಲ್ಲ.

ಲೈಟು ಹಾಕಿದೆ. ಇವತ್ತೇ ಮೊದಲ ಸಲ ಬೋರಲು ಬಿದ್ದಿದ್ದಾಳೆ. ಬಿದ್ದು, ಉರುಳಿ, ಹಾಸಿಗೆಗೂ ವೀಣೆಗೂ ನಡುವಿನ ಸಂದಿಯಲ್ಲಿ ಮುಖ ಅಡಿಯಾಗಿ ಸಿಕ್ಕಿಕೊಂಡಿದ್ದಳು. ಮೂಗು ಹಾಸಿಗೆಯ ಅಂಚಿಗೆ ಒತ್ತಿತ್ತು. ಬಿಡಿಸಿಕೊಳ್ಳಲು ಕೈ ಬಡಿಯುತ್ತಿದ್ದಳು, ಆ ಕೈ ತಂತಿಗೆ ತಾಗುತ್ತಿತ್ತು. ತಾಗದಿದ್ದರೆ ನನಗೆ ಎಚ್ಚರವಾಗುತ್ತಿರಲಿಲ್ಲ.

ಎರಡೂ ಕೈ ಅವಳ ಕಂಕುಳಿಗೆ ಹಾಕಿ ಎತ್ತಿದೆ. ಎತ್ತಿ ನನಗೆ ರೂಢಿಯಿರುವುದೇ ಹಾಗೆ. ಎಡಗೈ ಬಿಚ್ಚಿಕೊಂಡಿತು. ಅವಳು ಮತ್ತೆ ಅದೇ ಸಂದಿಗೆ ಬಿದ್ದಳು. ಕಿರುಚಿದ್ದು ಅವಳೋ ನಾನೋ.

ಆಗ ಮೊಣಕಾಲೂರಿ, ವೀಣೆಯನ್ನು ಕಾಲಿನಿಂದ ಆಚೆ ತಳ್ಳಿದೆ. ವೀಣೆಗೆ ಕಾಲು ತಾಗಿಸಿದೆ ಎಂಬುದು ಈಗ, ಬರೆಯುವಾಗ, ಹೊಳೆಯುತ್ತಿದೆ. ಅಂಗೈ ಮೇಲೆ ಮಾಡಿ, ಮುಂಗೈ ಎರಡನ್ನೂ ಅವಳ ಅಡಿಗೆ ತೂರಿಸಿ, ಹಸಿ ಸೀರೆ ಬಾಚಿದ ಹಾಗೆ ಬಾಚಿ ಎದೆಗೆ ಒತ್ತಿಕೊಂಡೆ. ಬಂದಳು. ನೋವಿಲ್ಲದೆ ಬಂದಳು. ಅಷ್ಟು ಸುಲಭವಿತ್ತು. ಹನ್ನೆರಡು ದಿನದಿಂದ ಅಷ್ಟು ಸುಲಭವೇ ಇತ್ತು.

ಉಸಿರಾಡುತ್ತಿದ್ದಾಳೆ. ಅತ್ತು ಅತ್ತು ಈಗ ನನ್ನ ಎದೆಯ ಮೇಲೆ, ಸೆರಗಿನ ತುದಿ ಹಿಡಿದುಕೊಂಡು ಮಲಗಿದ್ದಾಳೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈಗೆ ಬ್ಯಾಗಿನ ತಳದಿಂದ ತೆಗೆದು ಪಟ್ಟಿ ಹಾಕಿದ್ದೇನೆ.

ನುಜತ್, ಇದು ನಿನಗೆ. ನಾಲ್ಕು ಸಲ ಫೋನ್ ಮಾಡಿದೆ, ನೀನು ಮಲಗಿದ್ದೀಯ. ಇಷ್ಟನ್ನೆಲ್ಲ ಒಂದೇ ಕೈಯಲ್ಲಿ ಟೈಪ್ ಮಾಡಲಾಗದು. ಈ ಪುಟಗಳನ್ನು ಮೊದಲಿನಿಂದ ಫೋಟೊ ತೆಗೆದು ಕಳಿಸುತ್ತೇನೆ. ಬೆಳಗಿನ ನಮಾಜಿಗೆ ಎದ್ದಾಗ ನೋಡುತ್ತೀಯ ಎಂದು ಗೊತ್ತು.

ಅರ್ಧ ಗಂಟೆ ಎಂದದ್ದು ಸುಳ್ಳು. ಎರಡು, ಎರಡೂವರೆ ಗಂಟೆ ನುಡಿಸುತ್ತಿದ್ದೆ, ನೀನು ಬೇಡವೆಂದ ಮೇಲೂ. ಇವತ್ತು ಪರೀಕ್ಷೆ. ಏಳಕ್ಕೆ ಎರ್ರಿಸ್ವಾಮಿ ಇಂಜೆಕ್ಷನ್ ಹಾಕುತ್ತಾನೆ. ಕೈ ನನ್ನದೆಂದೇ ಗೊತ್ತಾಗುವುದಿಲ್ಲವಂತೆ. ನೋವಿದ್ದಾಗಲೇ ಈ ಕೈ ಹೇಳದೆ ಕೇಳದೆ ಬಿಡುತ್ತದೆ. ನೋವೂ ಇಲ್ಲದ ಕೈಯಲ್ಲಿ ಮಧ್ಯಾಹ್ನ ಬಂದು ಇವಳನ್ನು ಎತ್ತಿಕೊಂಡರೆ? ಬಿಡುವ ಮುಂಚೆ ಎಚ್ಚರಿಸಲು ಏನು ಉಳಿದಿರುತ್ತದೆ?

ಹೋಗಬಾರದು ಎಂದು ಈ ಹೊತ್ತಿನಲ್ಲಿ ನನಗೆ ಗೊತ್ತಿದೆ. ಆದರೆ ನನ್ನನ್ನು ನಾನು ಬಲ್ಲೆ. ಬೆಳಕು ಹರಿಯುತ್ತದೆ. ಅತ್ತೆ ಪ್ರಸಾದ ಹಿಡಿದು ಬರುತ್ತಾರೆ, ಕೈ ಹೆಂಗೈತೆ ಎನ್ನುತ್ತಾರೆ, ನಾನು ಕಡಿಮೆಯಾಗಿದೆ ಎನ್ನುತ್ತೇನೆ. ಆಟೋದವನು ಹಾರ್ನ್ ಹೊಡೆಯುತ್ತಾನೆ. ಟೀಚರ್ ಕಾಯುತ್ತಿರುತ್ತಾರೆ. ಪಟ್ಟಿ ಬಿಚ್ಚಿ ಬ್ಯಾಗಿಗೆ ಹಾಕಿ ಮೆಡಿಕಲ್ ಸ್ಟೋರಿನ ಕಡೆ ನಡೆಯುತ್ತೇನೆ, ಏನೂ ಆಗಿಲ್ಲವೆಂಬ ಹಾಗೆ. ಎಲ್ಲರಿಗೂ ಒಂದೊಂದು ಹೇಳಿ ಹೇಳಿ ನನಗೆ ರೂಢಿಯಾಗಿದೆ.

ಅದಕ್ಕೇ ಬೆಳಗಾಗುವ ಮುಂಚೆ ನೀನು ಫೋನ್ ಮಾಡಬೇಕು. ಬೈಯಿ, ಏನು ಬೇಕಾದರೂ ಅನ್ನು. ಮೂರು ವಾರ ಬಿಟ್ಟರೆ ಕೈ ಉಳಿಯುತ್ತದೋ ಇಲ್ಲವೋ ಹೇಳು. ಉಳಿಯುವುದಿಲ್ಲ ಎಂದರೂ ಹೇಳು, ಕೇಳುತ್ತೇನೆ. ಅತ್ತೆ ಬಂದ ಮೇಲೆ ಅವರ ಕೈಗೂ ಫೋನು ಕೊಡುತ್ತೇನೆ, ನನ್ನ ಎದುರಿಗೇ ಅವರಿಗೆ ಎಲ್ಲ ಹೇಳಿಬಿಡು, ನಾನು ಆಮೇಲೆ ಮಾತು ತಿರುಗಿಸದ ಹಾಗೆ.

ಇವಳನ್ನು ಎದೆಯಿಂದ ಇಳಿಸಿಲ್ಲ. ಫೋನನ್ನು ಬಲಗೈ ಹತ್ತಿರ, ಸದ್ದು ಜೋರು ಮಾಡಿ ಇಟ್ಟುಕೊಂಡಿದ್ದೇನೆ. ನಮಾಜು ಆಮೇಲೆ ಮಾಡು, ನುಜತ್. ಮೊದಲು ಫೋನ್ ಮಾಡು.